ಊರಿನ ಕಚೇರಿ ಊರಿನಲ್ಲಿಲ್ಲ

ಜಪಾನಿನ ಇಶಿಗಾಕಿ ದ್ವೀಪದ ಬಂದರಿನ ಬೋರ್ಡಿನಲ್ಲಿ ಉಯೆಹರಾ ದೋಣಿ ರದ್ದು ಅಂತ ಬಂದಿತ್ತು. ಜನವರಿ ತಿಂಗಳು, ಉತ್ತರದ ಗಾಳಿ ಜೋರು. "ಓಹರಾ ದೋಣಿ ಹತ್ತಿ, ಅಲ್ಲಿಂದ ಬಸ್ಸಿದೆ" ಎಂದರು ಕೌಂಟರಿನವರು. ಅವರಿಗಿದು ಮಾಮೂಲು. ಉಯೆಹರಾ ಇರುವುದು ಇರಿಯೊಮೋಟೆ ದ್ವೀಪದ ಉತ್ತರಕ್ಕೆ, ಗಾಳಿಗೆ ಎದುರಾಗಿ. ಓಹರಾ ದಕ್ಷಿಣಕ್ಕೆ. ಆ ದಾರಿಯಲ್ಲಿ ಹವಳದ ದಿಬ್ಬಗಳು ಅಲೆಯನ್ನು ಅರ್ಧಕ್ಕೇ ಮುರಿಯುತ್ತವೆ.

ಇರಿಯೊಮೋಟೆ ಒಕಿನಾವಾ ಪ್ರಾಂತ್ಯದ ಎರಡನೇ ದೊಡ್ಡ ದ್ವೀಪ, ಸುಮಾರು 289 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಎಲ್ಲವೂ ಕಾಡು. ವಿಮಾನ ನಿಲ್ದಾಣ ಇಲ್ಲ. ಬಸ್ಸು ಹೊಳೆ ದಾಟುವಾಗ ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಬೇರುಗಳೆಲ್ಲ ಕೆಸರಿನ ಮೇಲೆ. ಆಮೇಲೆ ಕಾಡುಬೆಕ್ಕಿನ ಚಿತ್ರದ ಬೋರ್ಡುಗಳು ಶುರುವಾದವು. ಇಲ್ಲಿ ಮಾತ್ರ ಇರುವ ಬೆಕ್ಕು, ಉಳಿದಿರುವುದು ಸುಮಾರು ನೂರು. ಅದು ರಸ್ತೆಯಡಿಯಿಂದಲೇ ದಾಟಲಿ ಅಂತ ಸುರಂಗಗಳನ್ನೂ ಮಾಡಿಟ್ಟಿದ್ದಾರೆ. ಡ್ರೈವರ್ ನಲವತ್ತು ದಾಟಲಿಲ್ಲ. ನನಗೇನೂ ಅವಸರ ಇರಲಿಲ್ಲ ಬಿಡಿ.

ಬೆಕ್ಕಿಗಿಂತ ನನಗೆ ಸೋಜಿಗ ಅನಿಸಿದ್ದು ಬೇರೆ. ಇರಿಯೊಮೋಟೆ ಸೇರಿರುವುದು ತಕೆತೋಮಿ ಪಟ್ಟಣಕ್ಕೆ. ಪಟ್ಟಣ ಅಂದರೆ ಚದುರಿಬಿದ್ದ ಹಲವು ದ್ವೀಪಗಳು. ಅದರ ಕಚೇರಿ ಮಾತ್ರ ಆ ದ್ವೀಪಗಳಲ್ಲಿ ಒಂದರಲ್ಲೂ ಇಲ್ಲ! 1938ರಲ್ಲಿ ಅದು ಇಶಿಗಾಕಿಗೆ ಹೋಯಿತು. ಇಶಿಗಾಕಿ ಬೇರೆಯೇ ನಗರಸಭೆ. ನಮ್ಮ ತಾಲೂಕು ಕಚೇರಿ ಪಕ್ಕದ ತಾಲೂಕಿನಲ್ಲಿದ್ದ ಹಾಗೆ.

ರಾತ್ರಿ ಊಟದ ಹೊತ್ತಿಗೆ ನನ್ನ ಹರುಕುಮುರುಕು ಜಪಾನಿಯಲ್ಲಿ ವಸತಿಮನೆಯ ಯಜಮಾನಿಯನ್ನು ಕೇಳಿದೆ: "ಎಲ್ಲಕ್ಕಿಂತ ದೊಡ್ಡ ದ್ವೀಪ ನಿಮ್ಮದೇ ಅಲ್ವಾ, ಕಚೇರಿ ಇಲ್ಲಿಗೇ ತರಬಹುದಲ್ಲ?"

"ಆ ಮಾತು ಹಳೆಯದು. ಆದರೆ ಹತೆರುಮಾ ದ್ವೀಪದವರು ಏನು ಮಾಡಬೇಕು? ಅವರ ದೋಣಿ ಹೋಗುವುದು ಇಶಿಗಾಕಿಗೆ" ಎಂದರು ಅವರು, ಸೂಪು ಬಡಿಸುತ್ತಾ.

ನಕ್ಷೆ ನೋಡಿ ಕೇಳುವ ನನ್ನಂಥವರಿಗೆ ಇದು ಹೊಳೆಯುವುದಿಲ್ಲ. ಇಲ್ಲಿ ಹತ್ತಿರ, ದೂರ ಎಲ್ಲ ದೋಣಿ ಹೇಳಿದ ಹಾಗೆ. ಕುರೊಶಿಮಾ, ಕೊಹಾಮಾ, ಹತೋಮಾ ಎಲ್ಲ ಕಡೆಯವರೂ ಬಂದು ಸೇರುವುದು ಇಶಿಗಾಕಿಯಲ್ಲೇ. ಇರಿಯೊಮೋಟೆಯೊಳಗೇ ಇರುವ ಫುನಾಉಕಿ ಎಂಬ ಹಳ್ಳಿಗೂ ರಸ್ತೆಯಿಲ್ಲ. ಶಿರಹಾಮಾದಲ್ಲಿ ರಸ್ತೆ ಮುಗಿಯುತ್ತದೆ, ಮುಂದೆ ದೋಣಿಯೇ.

ಕಚೇರಿ ಬಗ್ಗೆ ಯಜಮಾನಿಗೆ ಅಷ್ಟೇನೂ ಬೇಸರ ಇದ್ದಂತಿರಲಿಲ್ಲ. ಬೇಸರ ಇದ್ದದ್ದು ಹೈಸ್ಕೂಲಿನ ಬಗ್ಗೆ, ಅಂದರೆ ಅಲ್ಲಿನ ಹತ್ತರಿಂದ ಹನ್ನೆರಡನೇ ತರಗತಿಯ ಶಾಲೆ. ಇಡೀ ತಕೆತೋಮಿ ಪಟ್ಟಣದಲ್ಲಿ ಒಂದೂ ಹೈಸ್ಕೂಲಿಲ್ಲ. ಹದಿನೈದಕ್ಕೇ ಮಕ್ಕಳು ಮನೆ ಬಿಡಬೇಕು. ಅವರ ಮಗ ಬರುವ ಏಪ್ರಿಲ್‌ಗೆ ಇಶಿಗಾಕಿಗೆ ಹೊರಡುವವನಿದ್ದ. ಅಲ್ಲಿ ರೂಮು ಇನ್ನೂ ಸಿಕ್ಕಿರಲಿಲ್ಲ.