ಲಂಡನ್–ಸಿಡ್ನಿ ವಿಮಾನ: ಎಲ್ಲಿ ಇಳಿದು ಹತ್ತುತ್ತೀರಿ ಅನ್ನುವುದೇ ಮುಖ್ಯ

ಲಂಡನ್‌ನಿಂದ ಸಿಡ್ನಿಗೆ ಸುಮಾರು 17,000 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದುಕೊಂಡು ಲೆಕ್ಕ ಹಾಕಿದರೆ 19 ಗಂಟೆ ಬರುತ್ತದೆ. ಆದರೆ ನಾನು ಹೋದಾಗ ನೇರ ವಿಮಾನ ಇರಲಿಲ್ಲ. ಮಧ್ಯದಲ್ಲಿ ಕಾಯುವ ಹೊತ್ತೂ ಸೇರಿ 23 ಗಂಟೆ ಅಂತಲೇ ಇಟ್ಟುಕೊಳ್ಳಿ.

ಸಿಂಗಪುರದ ಮೇಲೆ ಹೋದರೆ ಒಟ್ಟು 17,200 ಕಿ.ಮೀ. ಆಸುಪಾಸು. ದುಬೈ ಮೇಲೆ 17,550, ಪರ್ತ್ ಮೇಲೆ 17,800. ವ್ಯತ್ಯಾಸ ಜಾಸ್ತಿ ಇಲ್ಲ, ಅಲ್ವಾ? ಹಾಗಾಗಿ ದೂರ ನೋಡಿ ದಾರಿ ಆರಿಸಬೇಕಾಗಿಲ್ಲ. ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರಬಲ್ಲಿರಿ ಅನ್ನುವುದನ್ನು ನೋಡಿ. ದುಬೈಗೆ 7 ಗಂಟೆ, ಅಲ್ಲಿಂದ ಸಿಡ್ನಿಗೆ 14. ಸಿಂಗಪುರಕ್ಕೆ 13, ಆಮೇಲೆ 8ಕ್ಕೂ ಕಡಿಮೆ. ಪರ್ತ್‌ಗಾದರೆ ಒಂದೇ ಓಟಕ್ಕೆ 17 ಗಂಟೆ. ನಾನು ಸಿಂಗಪುರದ ದಾರಿ ಹಿಡಿದೆ. ಉದ್ದದ ಹಾರಾಟ ಮೊದಲೇ, ಅದೂ ರಾತ್ರಿ ಮುಗಿದರೆ ಉಳಿದದ್ದು ಹಗುರ ಅನ್ನಿಸುತ್ತದೆ. ವಯಸ್ಸಾದವರ ಜೊತೆ ಹೋಗುವವರಿಗೂ ಇದನ್ನೇ ಹೇಳುತ್ತೇನೆ.

ಎರಡೂ ವಿಮಾನಗಳನ್ನು ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನ ಹತ್ತಿಸುವ ಹೊಣೆ ವಿಮಾನ ಕಂಪನಿಯದೇ ಆಗುತ್ತದೆ. ಲಗೇಜೂ ಸಾಮಾನ್ಯವಾಗಿ ಸೀದಾ ಸಿಡ್ನಿಗೆ ಹೋಗುತ್ತದೆ. ಮಧ್ಯೆ ಎರಡು-ಮೂರು ಗಂಟೆ ಬಿಡುವಿರಲಿ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಸೆಕ್ಯುರಿಟಿ ತಪಾಸಣೆ ಗೇಟ್ ಹತ್ತಿರವೇ ನಡೆಯುತ್ತದೆ. ನೀರಿನ ಬಾಟಲಿ ಖಾಲಿ ಮಾಡಿಕೊಂಡೇ ಅಲ್ಲಿಗೆ ಹೋಗಿ.

ತಾರೀಖಿನ ಲೆಕ್ಕ ಗಮನವಿಟ್ಟು ನೋಡಿ. ಡಿಸೆಂಬರ್‌ನಲ್ಲಿ ಸಿಡ್ನಿ ಲಂಡನ್‌ಗಿಂತ 11 ಗಂಟೆ ಮುಂದಿರುತ್ತದೆ, ಜುಲೈನಲ್ಲಿ 9. ಡಿಸೆಂಬರ್‌ನ ಸೋಮವಾರ ರಾತ್ರಿ 9ಕ್ಕೆ ಹೊರಟರೆ ಇಳಿಯುವುದು ಬುಧವಾರ ಬೆಳಿಗ್ಗೆ 7ಕ್ಕೆ. ಮಂಗಳವಾರ ಪೂರ್ತಿ ದಾರಿಯಲ್ಲೇ ಹೋಗುತ್ತದೆ. ಬೆಳಿಗ್ಗೆಯೇ ಮಲಗಬೇಕು ಅನ್ನುವವರು ಹಿಂದಿನ ರಾತ್ರಿಯಿಂದಲೇ ಹೋಟೆಲ್ ಕೋಣೆ ಬುಕ್ ಮಾಡಿಕೊಳ್ಳಿ. ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಕಾಯಬೇಕಾದೀತು. ನನ್ನ ಕೇಳಿದರೆ ಬ್ಯಾಗ್ ಹೋಟೆಲಿನಲ್ಲಿಟ್ಟು ಬಿಸಿಲಲ್ಲಿ ಓಡಾಡುವುದೇ ವಾಸಿ. ದೇಹ ಹೊಸ ಗಡಿಯಾರಕ್ಕೆ ಬೇಗ ಹೊಂದಿಕೊಳ್ಳುತ್ತದೆ.

ವಾಪಸ್ ಬರುವಾಗ ಒಂದು ಗಂಟೆಯಾದರೂ ಜಾಸ್ತಿ ಹಿಡಿಯುತ್ತದೆ. ಮೇಲಿನ ಗಾಳಿ ಬಹುತೇಕ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದೇ ಇದಕ್ಕೆ ಕಾರಣ. ಲಂಡನ್‌ಗೆ ಬಂದ ದಿನವೇ ಕೆಲಸ ಇಟ್ಟುಕೊಳ್ಳಬೇಡಿ.

ಸಿಡ್ನಿ ವಿಮಾನ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ವಿಮಾನ ಸಂಚಾರಕ್ಕೆ ನಿರ್ಬಂಧವಿದೆ. ಆರಾದ ಮೇಲೆ ಒಂದರ ಹಿಂದೊಂದು ಬಂದಿಳಿಯುತ್ತವೆ, ಸಾಲು ಉದ್ದವಾಗುತ್ತದೆ. ತಿಂಡಿ, ಹಣ್ಣು, ಬೀಜ ಏನಿದ್ದರೂ ಆಸ್ಟ್ರೇಲಿಯಾಕ್ಕೆ ಬರುವವರು ತುಂಬಬೇಕಾದ ಫಾರಂನಲ್ಲಿ ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ ದಂಡ ದೊಡ್ಡದು. ಹೊರಗೆ ಬಂದ ಮೇಲೆ ಟ್ಯಾಕ್ಸಿಯೇ ಬೇಕೆಂದಿಲ್ಲ. ಟರ್ಮಿನಲ್ ಕೆಳಗೇ ರೈಲು ನಿಲ್ದಾಣವಿದೆ. ಬ್ಯಾಂಕ್ ಕಾರ್ಡ್ ತೋರಿಸಿ ಒಳಗೆ ಹೋದರೆ ಸೆಂಟ್ರಲ್ ಸ್ಟೇಷನ್ ಕಾಲು ಗಂಟೆಯೊಳಗೆ.