ಒಂಟಿ ಆಮೀನ್

ನಿನ್ನೆ ಬೆಂಗಳೂರಲ್ಲಿ ಆಫೀಸಿನ ಹತ್ತಿರದ ಮಸೀದಿಗೆ ಮಗ್ರಿಬ್, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಝಿಗೆ ಹೋಗಿದ್ದೆ. ಇಮಾಮರು ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಓದಿ ಮುಗಿಸಿದರು. ನಾನು ಊರಿನ ಅಭ್ಯಾಸದಲ್ಲಿ ಜೋರಾಗಿ ಎಳೆದು ‘ಆಮೀ...ನ್’ ಅಂದೆ. ಇಡೀ ಮಸೀದಿಯಲ್ಲಿ ನನ್ನದೊಂದೇ ದನಿ! ಕಿವಿ ಬಿಸಿಯಾಯಿತು.

ನಾವು ಕರಾವಳಿಯ ಬ್ಯಾರಿಗಳು, ನಮಾಝಿನ ರೀತಿಯಲ್ಲಿ ಶಾಫಿ ಪದ್ಧತಿಯವರು. ಅಲ್ಲಿ ಆಮೀನ್ ಅಂದರೆ ಮಸೀದಿಯೇ ಗುಂಯ್ ಅನ್ನಬೇಕು. ಈ ಮಸೀದಿಯವರಂತೆ ಹನಫಿ ಪದ್ಧತಿಯವರು ಅದನ್ನೇ ತಮಗಷ್ಟೇ ಕೇಳುವಂತೆ ಹೇಳುತ್ತಾರೆ. ಗೊತ್ತಿದ್ದೂ ಮರೆತಿದ್ದೆ.

ಫಾತಿಹಾದಲ್ಲಿ ಇರೋದು 7 ಆಯತ್, ಅಂದರೆ ವಾಕ್ಯ. ದಿನಕ್ಕೆ 5 ಹೊತ್ತಿನ ಫರ್ಝ್ (ಕಡ್ಡಾಯ) ನಮಾಝಿನಲ್ಲೇ 17 ರಕಅತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತು), ಪ್ರತಿಯೊಂದಕ್ಕೂ ಫಾತಿಹಾ ಬೇಕು. ಕಡ್ಡಾಯವಲ್ಲದ ಸುನ್ನತ್ ನಮಾಝ್ ಸೇರಿಸಿದರೆ ಇನ್ನೂ ಜಾಸ್ತಿ. ಹಾಗಾಗಿ ನಾಲಿಗೆ ತಾನಾಗಿ ಓಡುತ್ತದೆ, ಮನಸ್ಸು ಇಎಂಐ ಲೆಕ್ಕದಲ್ಲಿರುತ್ತದೆ. ಸುಳ್ಳು ಯಾಕೆ ಹೇಳಲಿ.

ಮದ್ರಸದಲ್ಲಿ ಉಸ್ತಾದರು ಕೊನೆಯ ‘ವಲದ್ದಾಲ್ಲೀನ್’ನಲ್ಲಿ ‘ದ್ದಾ’ವನ್ನು 6 ಎಣಿಕೆ ಎಳೆಸುತ್ತಿದ್ದರು. ನಾವು ಬೆನ್ನ ಹಿಂದೆ ಬೆರಳು ಮಡಚಿ ಎಣಿಸುತ್ತಿದ್ದೆವು. ಎಳೆತ ಚೆನ್ನಾಗಿ ಬಂತು, ಅರ್ಥದ ಕಡೆ ಗಮನ ಹೋಗಿರಲಿಲ್ಲ.

ನಿನ್ನೆ ನಾಚಿಕೆಯಾಗಿದ್ದಕ್ಕೋ ಏನೋ, ಎರಡನೇ ರಕಅತ್‌ನಲ್ಲಿ ಒಂದೊಂದು ಪದವೂ ಕಿವಿಗೆ ಬಿತ್ತು. ‘ಇಹ್ದಿನಾ’ ಅಂದರೆ ನಮಗೆ ದಾರಿ ತೋರಿಸು ಅಂತ. ನನಗೆ ಅಲ್ಲ, ನಮಗೆ. ರೂಮಲ್ಲಿ ಒಬ್ಬನೇ ಚಾಪೆ ಹಾಸಿ ನಿಂತಾಗಲೂ ಹೇಳೋದು ‘ನಮಗೆ’ ಅಂತಲೇ ಅಲ್ವಾ? ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ.

ಸಲಾಂ ಹೇಳಿ ಮುಗಿಸಿದ ಮೇಲೆ ಪಕ್ಕದ ಹಿರಿಯರು ನನ್ನ ಕಡೆ ತಿರುಗಿ ನಕ್ಕರು. “ಮಂಗಳೂರು ಕಡೆಯವರಾ?”