ಕೆಲ್ಸ ಕೊಡೋಕೆ ಸುಳ್ಳು ಪತ್ತೆ ಮಷೀನ್ ಯಾಕ್ರೀ?

ಹಾಸನದ ಕಡೆ ಡಿಗ್ರಿ ಮುಗ್ಸಿದ್ ಹುಡುಗ್ರಿಗೆ ಕೆಲ್ಸ ಅಂದ್ರೆ ಗೊತ್ತಲ್ಲ, ಇಂಡಸ್ಟ್ರಿಯಲ್ ಏರಿಯಾ, ಇಲ್ಲಾ ಚಿನ್ನದ ಮೇಲೆ ಸಾಲ ಕೊಡೋ ಫೈನಾನ್ಸು, ಇಲ್ಲಾಂದ್ರೆ ಬೆಂಗ್ಳೂರು ಬಸ್ಸು. ನಮ್ಮಕ್ಕನ ಮಗ ಎಟಿಎಂಗೆ ದುಡ್ಡು ತುಂಬೋ ಒಂದು ಕಂಪನಿಗೆ ಅರ್ಜಿ ಹಾಕಿದ್ದ. ಇಂಟರ್ವ್ಯೂ ಆಯ್ತು, ಪೊಲೀಸ್ ವೆರಿಫಿಕೇಶನ್ ಆಯ್ತು, ಆಮೇಲೆ ಬೆಂಗ್ಳೂರಿಗೆ ಕರೆಸಿ ಪಾಲಿಗ್ರಾಫ್ ಅನ್ನೋ ಸುಳ್ಳು ಪತ್ತೆ ಟೆಸ್ಟ್ ಮಾಡಿ, ನೀನು ಹಳೇ ಅಂಗಡೀಲಿ ದುಡ್ಡು ತಗೊಂಡಿದ್ದರ ಬಗ್ಗೆ ನಿಜ ಹೇಳ್ತಿಲ್ಲ ಅಂತ ವಾಪಸ್ ಕಳ್ಸಿದ್ರು. ಅವ್ನು ಮೊದ್ಲು ಕೆಲ್ಸ ಮಾಡ್ತಿದ್ದ ಮೆಡಿಕಲ್ ಶಾಪ್ ಓನರ್‌ಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತು, ಯಾರೂ ಮಾಡ್ಲಿಲ್ಲ.

ಈ ಹುಡುಗನಿಗೆ ಚಿಕ್ಕಂದಿನಿಂದ ಅಂಗೈ ಬೆವರುತ್ತೆ. ಎಸ್ಸೆಸ್ಸೆಲ್ಸಿ ಪರೀಕ್ಷೇಲಿ ಇಂಕ್ ಕಲಸಿ ಹೋಗ್ಬಾರ್ದು ಅಂತ ಉತ್ತರಪತ್ರಿಕೆ ಮೇಲೆ ಕರ್ಚೀಫ್ ಹಾಸ್ಕೊಂಡು ಅದ್ರ ಮೇಲೆ ಕೈ ಇಟ್ಟು ಬರೆದೋನು. ಪಾಲಿಗ್ರಾಫಲ್ಲಿ ಏನ್ ಮಾಡ್ತಾರೆ ಅಂದ್ರೆ ಎದೆಗೆ ಹೊಟ್ಟೆಗೆ ಒಂದೊಂದು ಟ್ಯೂಬ್ ಸುತ್ತಿ ಉಸಿರು ನೋಡ್ತಾರೆ, ತೋಳಿಗೆ ಬಿಪಿ ಪಟ್ಟಿ ಕಟ್ತಾರೆ, ಬೆರಳಿಗೆ ಎಲೆಕ್ಟ್ರೋಡ್ ಸಿಗಿಸಿ ಬೆವರಿಂದ ಚರ್ಮದಲ್ಲಿ ಕರೆಂಟ್ ಹರಿಯೋದು ಎಷ್ಟು ಹೆಚ್ಚುಕಮ್ಮಿ ಆಗುತ್ತೆ ಅಂತ ಅಳೀತಾರೆ. ಅಷ್ಟೇ. ಸುಳ್ಳಿಗೆ ಅಂತ ಮೈಯಲ್ಲಿ ಬೇರೆ ಗುರುತು ಇಲ್ಲ, ಹೆದರಿದ್ರೂ ಅದೇ, ಸಿಟ್ಟು ಬಂದ್ರೂ ಅದೇ, ಅವಮಾನ ಆದ್ರೂ ಅದೇ.

ಪರೀಕ್ಷೆ ಮಾಡೋರು ಇದಕ್ಕೆ ಉತ್ತರ ಇಟ್ಕೊಂಡಿರ್ತಾರೆ. ನಾವು ಬರೀ ಬೆವರು ನೋಡಲ್ಲ, ಎರಡು ಥರ ಪ್ರಶ್ನೆ ಕೇಳಿ ಹೋಲ್ಸಿ ನೋಡ್ತೀವಿ ಅಂತಾರೆ. ನಂಬಿದೋರಿಗೆ ಯಾವತ್ತಾದ್ರೂ ಸುಳ್ಳು ಹೇಳಿದ್ಯಾ ಅನ್ನೋದು ಒಂದು ಥರ, ಹಳೇ ಕೆಲ್ಸದಲ್ಲಿ ದುಡ್ಡು ಕದ್ದಿದ್ಯಾ ಅನ್ನೋದು ಇನ್ನೊಂದು, ನಿಯತ್ತಿನೋನಿಗೆ ಮೊದಲನೇದಕ್ಕೇ ಜಾಸ್ತಿ ಕಸಿವಿಸಿ ಆಗುತ್ತಂತೆ, ಕಳ್ಳನಿಗೆ ಎರಡನೇದಕ್ಕೆ. ಕೇಳೋಕೆ ಸರಿಯಾಗೇ ಇದೆ, ಆದ್ರೆ ಮನೇಲಿ ಅಮ್ಮ ಕಾಯ್ತಿದಾಳೆ, ಈ ಕೆಲ್ಸ ಸಿಗ್ಲೇಬೇಕು ಅಂತ ಕೂತಿರೋ ಹುಡುಗನ್ನ ಮುಖಕ್ಕೆ ಮುಖ ಕೊಟ್ಟು ಕದ್ದಿದ್ಯಾ ಅಂತ ಕೇಳಿದ್ರೆ ಎದೆ ಯಾವುದಕ್ಕೆ ಜಾಸ್ತಿ ಹೊಡ್ಕೊಳ್ಳುತ್ತೆ ನೀವೇ ಹೇಳಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತೀವಲ್ಲ, ಕದೀದೆ ಇರೋನೂ ಮುಟ್ಟಿ ನೋಡ್ಕೋತಾನೆ ರೀ, ಮಾನಕ್ಕೆ ಅಂಜೋನು ಇನ್ನೂ ಬೇಗ ಮುಟ್ತಾನೆ.

ನಾನು ಸುಮ್ನೆ ಕೋಪದಲ್ಲಿ ಹೇಳ್ತಿಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರಲ್ಲಿ ಇದ್ರ ಬಗ್ಗೆ ದೊಡ್ಡ ವರದಿ ಪ್ರಕಟ ಮಾಡ್ತು, ಅದ್ರಲ್ಲಿ ಒಂದು ಲೆಕ್ಕ ಇದೆ, ನನಗೆ ತಲೇಲೇ ಕೂತ್ಬಿಟ್ಟಿದೆ. 10,000 ನೌಕರರಲ್ಲಿ 10 ಜನ ಗೂಢಚಾರರು ಅಂತ ಇಟ್ಕೊಳಿ. ಅದ್ರಲ್ಲಿ 8 ಜನನಾದ್ರೂ ಸಿಗೋ ಹಂಗೆ ಪರೀಕ್ಷೆ ಬಿಗಿ ಮಾಡಿದ್ರೆ ಅವ್ರ ಜೊತೆಗೆ ಸುಮಾರು 1,600 ಜನ ತಪ್ಪೇ ಮಾಡದೋರೂ ಫೇಲಾಗ್ತಾರೆ. ಅಯ್ಯೋ ಪಾಪ ಅಂತ ಸಡಿಲ ಮಾಡಿದ್ರೆ 10ರಲ್ಲಿ 8 ಗೂಢಚಾರರು ಆರಾಮಾಗಿ ಪಾಸು. ನಿಜವಾದ ಕಳ್ಳರು ಕಮ್ಮಿ ಇದ್ದಷ್ಟೂ ಬಲೆಗೆ ಬೀಳೋರಲ್ಲಿ ಅಮಾಯಕರೇ ತುಂಬ್ಕೊತಾರೆ, ಕೆಲ್ಸಕ್ಕೆ ಅರ್ಜಿ ಹಾಕೋರಲ್ಲಂತೂ ಬಹುಪಾಲು ನಿಯತ್ತಿನೋರೇ ಅಲ್ವಾ.

ಪಾಸಾದೋರ ಕಥೆನೂ ಇದೆ. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಒಳಗಿದ್ದು 1985ರಿಂದ ಸೋವಿಯತ್‌ನೋರಿಗೆ ಗುಟ್ಟು ಮಾರ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಪಾಲಿಗ್ರಾಫ್ ದಾಟ್ಕೊಂಡ. 1994ರಲ್ಲಿ ಅರೆಸ್ಟ್ ಆದ, ಅದಕ್ಕೆ ದಾರಿ ತೋರ್ಸಿದ್ದು ಬ್ಯಾಂಕ್ ಲೆಕ್ಕ. ಅವ್ನು ಸೋವಿಯತ್‌ನೋರನ್ನ ಭೇಟಿ ಆದ ತಾರೀಖು, ಅಕೌಂಟಿಗೆ ದುಡ್ಡು ಬಿದ್ದ ತಾರೀಖು ಪಕ್ಕಪಕ್ಕ ಇಟ್ಟು ನೋಡಿದ್ರು.

ಅಮೆರಿಕದಲ್ಲಿ 1988ರಲ್ಲೇ ಕಾನೂನು ಬಂತು, ಬಹುತೇಕ ಖಾಸಗಿ ಕಂಪನಿಗಳು ಕೆಲ್ಸಕ್ಕೆ ಸೇರ್ಸ್ಕೊಳ್ಳೋವಾಗ ಪಾಲಿಗ್ರಾಫ್ ಮಾಡೋ ಹಂಗಿಲ್ಲ. ಸರ್ಕಾರಕ್ಕೆ ಅದು ಅನ್ವಯಿಸಲ್ಲ, ಸೆಕ್ಯೂರಿಟಿ, ದುಡ್ಡಿನ ಗಾಡಿ, ಔಷಧಿ ಕಂಪನಿಗಳಿಗೂ ವಿನಾಯ್ತಿ ಇದೆ. ಆದ್ರೆ ವಿನಾಯ್ತಿ ಇರೋ ಕಂಪನಿಗಳೂ ಪ್ರಶ್ನೆ ಎಲ್ಲಾ ಮೊದ್ಲೇ ತೋರಿಸ್ಬೇಕು, ಪರೀಕ್ಷೆ ಕನಿಷ್ಠ 90 ನಿಮಿಷ ನಡೀಬೇಕು, ಆ ರಿಪೋರ್ಟ್ ಒಂದನ್ನೇ ಹಿಡ್ಕೊಂಡು ಕೆಲ್ಸ ಇಲ್ಲ ಅನ್ನೋ ಹಂಗಿಲ್ಲ. ನಮ್ಮ ಹುಡುಗಂದು ಒಂದು ಟೀ ಕುಡಿಯೋ ಹೊತ್ತಲ್ಲಿ ಮುಗ್ದೋಯ್ತು.

ನಮ್ಮಲ್ಲಿ ಇರೋದು ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ ಕೇಸಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ಕ್ಕೆ ಕೊಟ್ಟ ತೀರ್ಪು. ಕ್ರಿಮಿನಲ್ ತನಿಖೆ ಇರ್ಲಿ ಬೇರೇನೇ ಇರ್ಲಿ, ಯಾರನ್ನೂ ಬಲವಂತವಾಗಿ ಇದಕ್ಕೆ ಕೂರಿಸೋ ಹಂಗಿಲ್ಲ ಅಂತ ಅದು ಹೇಳುತ್ತೆ, ಆರೋಪಿ ಆದ್ರೂ ಮ್ಯಾಜಿಸ್ಟ್ರೇಟ್ ಮುಂದೆ ಒಪ್ಪಿಗೆ ಕೊಡ್ಬೇಕು, ವಕೀಲರು ಸಿಗಬೇಕು. ಕೊಲೆ ಆರೋಪಿಗೆ ಇಷ್ಟು ರಕ್ಷಣೆ, ಕೆಲ್ಸ ಕೇಳ್ಕೊಂಡು ಬಂದ ಹುಡುಗನಿಗೆ ಒಂದು ಹಾಳೆ ಕೊಟ್ಟು ಇಲ್ಲಿ ಸೈನ್ ಹಾಕಪ್ಪ ಅಂದ್ರೆ ಮುಗೀತು. ಸೈನ್ ಹಾಕ್ದೇ ಇದ್ರೆ ಕೆಲ್ಸ ಇಲ್ಲ ಅಂತ ಇಬ್ರಿಗೂ ಗೊತ್ತು, ಅದನ್ನ ಒಪ್ಪಿಗೆ ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ.

ಮೊನ್ನೆ ಮೂಡಿಗೆರೆ ಕಡೆ ತೋಟ ಇರೋ ಸ್ನೇಹಿತರು ಒಬ್ರು, ಗೋಡೌನಿಂದ ಮೆಣಸಿನ ಚೀಲ ಹೋಗಿದೆ, ತೋಟದ ಲೆಕ್ಕ ಬರೆಯೋ ರೈಟರ್‌ಗೂ ವಾಚ್‌ಮನ್‌ಗೂ ಇದೇ ಟೆಸ್ಟ್ ಮಾಡ್ಸೋಣ ಅಂತಿದ್ರು. ಅವ್ರ ಸಂಕಟ ನನಗೆ ಅರ್ಥ ಆಗುತ್ತೆ, ವರ್ಷದ ಬೆಳೆ ಅದು. ಕೂತ್ಕೊಂಡು ನೋಡಿದ್ವಿ, ಕಣದಲ್ಲಿ ತೂಕ ಹಾಕಿದ ಪುಸ್ತಕ ಬೇರೆ, ಗೋಡೌನಿಗೆ ಇಳ್ಸಿದ ಪುಸ್ತಕ ಬೇರೆ, ಎರಡನ್ನೂ ಈ ಸೀಸನ್ನಲ್ಲಿ ಯಾರೂ ತಾಳೆ ನೋಡೇ ಇಲ್ಲ, ಬೀಗದ ಕೈ ಒಂದೇ ಮೊಳೆಗೆ ನೇತಾಡ್ತಿತ್ತು. ಈಗ ಎರಡು ಬೀಗ, ಎರಡು ಕೈ, ಬೇರೆ ಬೇರೆಯೋರ ಹತ್ರ. ದಿನಾ ಸಂಜೆ ತೂಕ ಟ್ಯಾಲಿ ಮಾಡ್ತಾರೆ.

ನಿಮ್ಮ ಮನೆ ಮಕ್ಕಳಿಗೆ ಇಂಥಾ ಫಾರಂ ಕೊಟ್ರೆ ಅಲ್ಲೇ ಸೈನ್ ಹಾಕ್ಬೇಡಿ ಅಂತ ಹೇಳಿ, ಮನೆಗೆ ತಂದು ಓದ್ಲಿ. ಪ್ರಶ್ನೆಗಳನ್ನ ಮೊದ್ಲೇ ಬರ್ದು ಕೊಡಿ ಅಂತ ಕೇಳ್ಲಿ, ಬಿಪಿ ಗಿಪಿ ಮಾತ್ರೆ ತಗೋತಿದ್ರೆ ಫಾರಂನಲ್ಲೇ ಬರೆಸ್ಲಿ, ಸೈನ್ ಹಾಕಿದ್ರೆ ಜೆರಾಕ್ಸ್ ಇಸ್ಕೊಳ್ಲಿ. ಫೇಲ್ ಅಂದ್ರೆ ಯಾವ ಪ್ರಶ್ನೆಗೆ ಅಂತ ಬರವಣಿಗೇಲಿ ಕೇಳ್ಲಿ, ಹಳೇ ಓನರ್ ನಂಬರ್ ಕೊಟ್ಟು ಫೋನ್ ಮಾಡಿ ವಿಚಾರ್ಸಿ ಅಂತ ಅದೇ ಪತ್ರದಲ್ಲಿ ಹಾಕ್ಲಿ.